ಸುಂಕದವನ ಕಿವುಡು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಪರೀಕ್ಷೆಯಲ್ಲಿ ಇದನ್ನು ವಿಸ್ತರಿಸಿ ಬರೆಯಲು ಕೊಟ್ಟರೆ ಹುಡುಗರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರೆಯುತ್ತಾರೆ. ಒಬ್ಬ ಬಡ ರೈತ, ಒಂದು ಗಾಡಿ, ಗಾಡಿಯಲ್ಲಿ ನಾಲ್ಕು ಮೂಟೆ. ಕಟ್ಟೆಯ ಮೇಲೆ ಕುಳಿತ ಕಲ್ಲೆದೆಯ ಸುಂಕದವನು. ರೈತ ಮಳೆ ಕೈಕೊಟ್ಟದ್ದನ್ನೂ ಮಗಳ ಮದುವೆಯ ಸಾಲವನ್ನೂ ಹೇಳಿಕೊಂಡು ಕಣ್ಣೊರಸಿಕೊಳ್ಳುತ್ತಾನೆ. ಸುಂಕದವನು ಚಾಚಿದ ಕೈಯನ್ನು ಚಾಚಿಕೊಂಡೇ ಇರುತ್ತಾನೆ. ಮರುಕವಿಲ್ಲದವರ ಮುಂದೆ ಗೋಳಿಟ್ಟು ಫಲವಿಲ್ಲ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ನಾನೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಮುಂದಿನ ಪುಟ ತಿರುವುತ್ತೇನೆ.

ಆದರೆ ಈಚೀಚೆಗೆ ನನಗೆ ಆ ಸುಂಕದವನ ಮೇಲೆ ಒಂದು ಬಗೆಯ ಗೌರವ ಹುಟ್ಟಿದೆ. ಅವನು ನಮ್ಮ ದುಃಖವನ್ನು ಕೇಳುವುದಿಲ್ಲ, ನಿಜ. ಆದರೆ ಸಾಹುಕಾರನ ಸುಖವನ್ನೂ ಕೇಳುವುದಿಲ್ಲವಲ್ಲ! ಕಿವಿಗೊಡುವ ಸುಂಕದವನೊಬ್ಬನನ್ನು ಒಂದು ಗಳಿಗೆ ಊಹಿಸಿಕೊಳ್ಳಿ. “ಏನಯ್ಯ ಗಾಡಿಯಲ್ಲಿ? ಯಾರ ಅಂಗಡಿಗೆ? ದೊಡ್ಡ ಸಾಹುಕಾರರ ಅಂಗಡಿಗೋ? ಹಾಗಾದರೆ ಸುಂಕವೇ ಬೇಡ, ನಡಿ. ಅವರು ನಮಗೆ ಬೇಕಾದವರು. ನಿನ್ನದೆಲ್ಲಿಗೆ? ಮೂಲೆಯ ಮುದುಕಿಯ ಅಂಗಡಿಗೋ? ಎರಡರಷ್ಟು ಇಡು, ಇಲ್ಲವಾದರೆ ಸಂಜೆಯವರೆಗೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸು.” ಇಂಥವನೊಬ್ಬ ಆರು ತಿಂಗಳು ಕಟ್ಟೆಯ ಮೇಲೆ ಕೂತರೆ ಸಾಕು, ಮುದುಕಿಯ ಅಂಗಡಿಯ ಬಾಗಿಲು ತಾನಾಗಿ ಮುಚ್ಚುತ್ತದೆ. ಅವಳ ಬೆಲ್ಲ ಕೆಟ್ಟಿತೆಂದಲ್ಲ; ಅವಳ ಬಾಗಿಲಿಗೆ ಗಾಡಿ ಬಾರದಂತಾಯಿತೆಂದು.

ನಮ್ಮ ಶಾಸನಗಳ ಸುಂಕದವನು ಗಾದೆಯಲ್ಲಿರುವಷ್ಟು ನಿರ್ಲಿಪ್ತನೇನೂ ಅಲ್ಲ. ಹೆಜ್ಜುಂಕ, ವಡ್ಡರಾವುಳ ಎಂದು ಅಲ್ಲಿ ಬಗೆಬಗೆಯ ಸುಂಕಗಳ ಹೆಸರು ಬರುತ್ತದೆ. ಎಲೆಯ ಹೇರಿಗೆ ಒಂದು ಲೆಕ್ಕ, ಅಡಕೆಯ ಹೇರಿಗೆ ಇನ್ನೊಂದು. ದೇವರ ಹೆಸರಿನಲ್ಲಿ ಕೆಲವಕ್ಕೆ ಮಾಫಿ. ವಚನಕಾರರ ಪಂಕ್ತಿಯಲ್ಲಿಯೇ ಸುಂಕದ ಬಂಕಣ್ಣನೆಂಬ ಶರಣನೊಬ್ಬನಿದ್ದಾನೆ. ಕಟ್ಟೆಯ ಮೇಲೂ ಸಜ್ಜನರು ಕೂರಬಲ್ಲರೆಂಬುದಕ್ಕೆ ಅವನೇ ಸಾಕ್ಷಿ. ಆದರೆ ಕಟ್ಟೆಯವನ ಒಳ್ಳೆಯತನವನ್ನು ನಂಬಿ ಸಂತೆಗೆ ಹೊರಡುವುದು ಬೇರೆ, ಕಟ್ಟೆಯ ನಿಯಮವನ್ನು ನಂಬಿ ಹೊರಡುವುದು ಬೇರೆ.

ಇಷ್ಟು ಪೀಠಿಕೆ ಯಾತಕ್ಕೆಂದರೆ, ಈಗ ನಾವು ನೀವೆಲ್ಲ ದಿನಕ್ಕೆ ನೂರು ಸಲ ಹಾಯುವ ಕಟ್ಟೆಯೊಂದಿದೆ. ಮೊಬೈಲಿನಲ್ಲಿ ಪತ್ರಿಕೆ ಓದುವಾಗ, ರೈಲಿನ ಟಿಕೆಟ್ಟು ಕೊಳ್ಳುವಾಗ, ಮೊಮ್ಮಗುವಿನ ಮುಖ ನೋಡುವಾಗ ನಮ್ಮ ಗಾಡಿ ಇಂಟರ್‌ನೆಟ್ಟಿನ ದಾರಿಯಲ್ಲಿ ಹೋಗುತ್ತದೆ. ಆ ದಾರಿಯ ಬಾಯಲ್ಲಿ ನಮಗೆ ಸಂಪರ್ಕ ಕೊಡುವ ಕಂಪೆನಿ ಕೂತಿದೆ. ಕೂತಿರಲಿ, ದುಡ್ಡನ್ನೂ ಪಡೆಯಲಿ. ದಾರಿ ಹಾಕಿದವರು ಅವರು. ಆದರೆ ಗಾಡಿಯೊಳಗೆ ಏನಿದೆ, ಅದು ಯಾರ ಮನೆಗೆ ಹೊರಟಿದೆ ಎಂದು ನೋಡಿ ದರವನ್ನೋ ವೇಗವನ್ನೋ ಬದಲಿಸಬಾರದು ಎಂಬುದೊಂದು ತತ್ತ್ವವುಂಟು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಜಾಲದ ತಾಟಸ್ಥ್ಯ ಎನ್ನಬಹುದು. ತಟಸ್ಥನೆಂದರೆ ದಡದಲ್ಲಿ ನಿಂತವನು. ನೀರು ಎತ್ತ ಹರಿಯಬೇಕೆಂದು ಅವನು ಹೇಳುವುದಿಲ್ಲ. ಹರಿಯುವುದನ್ನು ನೋಡುತ್ತ ನಿಲ್ಲುತ್ತಾನೆ. ಹೊಸ ವಿಷಯಕ್ಕೆ ಹಳೆಯ ಮಾತು ಇಷ್ಟು ಚೆನ್ನಾಗಿ ಒಪ್ಪುವುದು ಅಪರೂಪ.

ಈ ಜಾಲ ನಡೆಯುವ ಬಗೆಯೂ ಸ್ವಾರಸ್ಯವಾಗಿದೆ. ನಾವು ಕಳಿಸುವ ಕಾಗದವಾಗಲಿ, ಹಾಡಾಗಲಿ, ಚಿತ್ರವಾಗಲಿ ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟುತ್ತಾರೆ; ಪ್ರತಿಯೊಂದರ ಮೇಲೂ ಕಳಿಸಿದವರ ಮತ್ತು ಸೇರಬೇಕಾದವರ ವಿಳಾಸವಿರುತ್ತದೆ. ದಾರಿಯ ಪ್ರತಿ ಕೂಡಿನಲ್ಲಿಯೂ ಒಂದು ಯಂತ್ರ ವಿಳಾಸ ನೋಡಿ ಪೊಟ್ಟಣವನ್ನು ಮುಂದಕ್ಕೆ ತಳ್ಳುತ್ತದೆ. ಕೊನೆಯಲ್ಲಿ ಅವೆಲ್ಲ ಸೇರಿ ಮತ್ತೆ ಕಾಗದವೋ ಹಾಡೋ ಆಗುತ್ತವೆ. ಬುದ್ಧಿಯೆಲ್ಲ ಎರಡು ತುದಿಗಳಲ್ಲಿ. ನಡುವಿನ ದಾರಿಗೆ ಸಾಗಿಸುವುದೊಂದೇ ಕೆಲಸ. ಹೀಗಿದ್ದುದರಿಂದಲೇ ಯಾರೋ ಹೊಸದೇನನ್ನೋ ಯೋಚಿಸಿ ಒಂದು ತುದಿಯಲ್ಲಿ ಅಂಗಡಿ ತೆರೆಯಲು ನಡುವಿನವರ ಅಪ್ಪಣೆ ಬೇಕಾಗಲಿಲ್ಲ. ಈಗಲಾದರೋ ಪೊಟ್ಟಣವನ್ನು ಇಣುಕಿ ನೋಡುವ ಯಂತ್ರಗಳು ಬಂದಿವೆ. ಪೊಟ್ಟಣಕ್ಕೆ ಬೀಗ ಹಾಕಿದ್ದರೂ ಅದು ಯಾರ ಮನೆಗೆ ಹೊರಟಿತೆಂಬುದು ತಿಳಿಯುತ್ತದೆ. ಪಕ್ಷಪಾತ ಮಾಡಲು ಅಷ್ಟು ಸಾಕು.

ಸಾಗಿಸುವವನು ಒಳಗಿನ ಮಾತಿಗೆ ಬೆಲೆ ಕಟ್ಟಬಾರದೆಂಬುದು ನಮಗೆ ಅಂಚೆಯವರು ಕಲಿಸಿದ ಪಾಠ. 1854ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಗೆ ಹೊಸ ಕಾನೂನು ಬಂದಾಗ, ದೂರವೆಷ್ಟೇ ಇರಲಿ, ಕಾಲು ತೊಲದವರೆಗಿನ ಕಾಗದಕ್ಕೆ ಅರ್ಧ ಆಣೆ ಎಂದು ಗೊತ್ತುಮಾಡಿದರು. ತಕ್ಕಡಿ ತೂಕವನ್ನು ನೋಡಿತೇ ಹೊರತು ಒಕ್ಕಣೆಯನ್ನು ನೋಡಲಿಲ್ಲ. ಇಲ್ಲಿ ಯಾರಾದರೂ, “ಪತ್ರಿಕೆಗಳಿಗೆ ಅಂಚೆಯಲ್ಲಿ ರಿಯಾಯಿತಿ ದರವುಂಟಲ್ಲ ಸ್ವಾಮಿ, ಅದು ಪಕ್ಷಪಾತವಲ್ಲವೆ?” ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಆ ರಿಯಾಯಿತಿ ನೋಂದಾಯಿಸಿಕೊಂಡ ಎಲ್ಲ ಪತ್ರಿಕೆಗಳಿಗೂ ಉಂಟು; ಪೋಸ್ಟ್‌ಮಾಸ್ಟರರ ಭಾವಮೈದುನ ನಡೆಸುವ ಪತ್ರಿಕೆಗೆ ಮಾತ್ರ ಎಂದಿಲ್ಲ. ಅದನ್ನು ಕೊಟ್ಟದ್ದೂ ಎಲ್ಲರಿಗೂ ಗೊತ್ತಿರುವ ನಿಯಮ. ಕದ ಹಾಕಿಕೊಂಡು ಮಾಡಿಕೊಂಡ ಒಪ್ಪಂದವಲ್ಲ.

ನಡುವಿನವರಿಗೆ ಕಿವಿ ಬಂದರೆ ಏನಾದೀತೆಂಬುದಕ್ಕೆ ಟೆಲಿಫೋನಿನ ಚರಿತ್ರೆಯಲ್ಲಿ ಒಂದು ತಮಾಷೆಯ ಕಥೆಯಿದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅಲ್ಮನ್ ಸ್ಟ್ರೌಜರ್ ಎಂಬಾತ ಉತ್ತರಕ್ರಿಯೆಗೆ ಬೇಕಾದ ಏರ್ಪಾಟು ಮಾಡಿಕೊಡುವ ವೃತ್ತಿಯವನು. ಆಗ ಟೆಲಿಫೋನು ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಒಬ್ಬಾಕೆ ಮಾತನಾಡಿಸಿ, ಬೇಕಾದವರಿಗೆ ತಂತಿ ಜೋಡಿಸಬೇಕಿತ್ತು. ಊರಿನಲ್ಲಿ ಸಾವುಗಳೇನೋ ಆಗುತ್ತಿದ್ದುವು, ಸ್ಟ್ರೌಜರನಿಗೆ ಮಾತ್ರ ಕೆಲಸ ಬರುತ್ತಿರಲಿಲ್ಲ. ಎಕ್ಸ್‌ಚೇಂಜಿನಾಕೆ ತನ್ನ ಎದುರಾಳಿಯ ಹೆಂಡತಿ. ತನಗೆ ಬರುವ ಕರೆಗಳನ್ನೆಲ್ಲ ಗಂಡನ ಅಂಗಡಿಗೆ ತಿರುಗಿಸುತ್ತಾಳೆ ಎಂದು ಅವನಿಗೆ ಗುಮಾನಿ ಹತ್ತಿತಂತೆ. ಜಗಳವಾಡುವುದರ ಬದಲು ಆತ ಮನುಷ್ಯರ ನೆರವಿಲ್ಲದೆ ಕರೆ ಜೋಡಿಸುವ ಯಂತ್ರವನ್ನೇ ರೂಪಿಸಿ 1891ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಕಥೆಗೆ ಬಣ್ಣ ಕಟ್ಟಿರಬಹುದು. ಪೇಟೆಂಟು ಮಾತ್ರ ನಿಜ. ಬೆಂಗಳೂರಿನ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಈ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ವರ್ಷಗಟ್ಟಲೆ ತಯಾರಿಸಿದರು. ನಮ್ಮ ಹಿರಿಯರು ಬೆರಳು ತೂರಿಸಿ ತಿರುಗಿಸುತ್ತಿದ್ದ ಫೋನುಗಳಿಗೆ ದನಿ ಕೊಟ್ಟದ್ದು ಅವೇ. ಆ ಯಂತ್ರದ ದೊಡ್ಡ ಗುಣ ಅದಕ್ಕೆ ಕಿವಿಯಿಲ್ಲದಿದ್ದುದು.

ಇನ್ನು ನಮ್ಮ ಬೀದಿಗೆ ಬರೋಣ. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ನಿವೃತ್ತರಾದ ಹೈಸ್ಕೂಲು ಮೇಷ್ಟರೊಬ್ಬರಿದ್ದಾರೆ. ಮಗಳು ಅಮೆರಿಕದಲ್ಲಿ. ದಿನವೂ ರಾತ್ರಿ ಎಂಟು ಗಂಟೆಗೆ ಮೇಷ್ಟರೂ ಅವರ ಮನೆಯವರೂ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಮಗಳೊಡನೆ ಮಾತನಾಡುತ್ತಾರೆ. 2014ರ ಡಿಸೆಂಬರಿನಲ್ಲಿ ಒಂದು ದೊಡ್ಡ ಟೆಲಿಫೋನು ಕಂಪೆನಿ, ಇಂಟರ್‌ನೆಟ್ಟಿನ ಮೂಲಕ ಆಡುವ ಮಾತಿಗೆ ಇನ್ನು ಮುಂದೆ ಬೇರೆ ದರ ಎಂದು ಸಾರಿತು. ಮೇಷ್ಟರು ಪತ್ರಿಕೆ ಹಿಡಿದುಕೊಂಡು ಗೇಟಿನ ಬಳಿ ನನ್ನನ್ನು ತಡೆದು ನಿಲ್ಲಿಸಿದರು. “ಅಲ್ಲ ಸಾರ್, ಇಷ್ಟು ಡಾಟಾ ಅಂತ ದುಡ್ಡು ಕೊಟ್ಟು ಕೊಂಡಿದ್ದೀನಿ. ಅದರಲ್ಲಿ ಸಿನಿಮಾ ನೋಡ್ತೀನೋ, ಮಗಳ ಜೊತೆ ಮಾತಾಡ್ತೀನೋ, ಅದು ಅವರಿಗ್ಯಾಕೆ? ನಲ್ಲಿ ನೀರಲ್ಲಿ ಅನ್ನ ಮಾಡಿದ್ರೆ ಒಂದು ರೇಟು, ಸಾರು ಮಾಡಿದ್ರೆ ಒಂದು ರೇಟೇ?” ಎಂದರು. ಇಷ್ಟು ಚೊಕ್ಕವಾಗಿ ಈ ವಾದವನ್ನು ಯಾವ ವಕೀಲರೂ ಮಂಡಿಸಿದ್ದನ್ನು ನಾನು ಕೇಳಿಲ್ಲ. ಜನ ಗದ್ದಲವೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಕಂಪೆನಿ ಆ ಯೋಜನೆಯನ್ನು ಕೈಬಿಟ್ಟಿತು.

ಅಲ್ಲಿಗೆ ವಿಷಯ ಮುಗಿಯಲಿಲ್ಲ. 2015ರ ಮಾರ್ಚ್ 27ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಈ ಬಗ್ಗೆ ಚರ್ಚಾಪತ್ರವೊಂದನ್ನು ಹೊರಡಿಸಿತು. 118 ಪುಟ, 20 ಪ್ರಶ್ನೆ. ಸರ್ಕಾರದ ಕಾಗದಕ್ಕೆ ಸಾಮಾನ್ಯವಾಗಿ ಬರುವ ಉತ್ತರಗಳನ್ನು ಒಂದು ಕಡತದಲ್ಲಿ ಕಟ್ಟಿಡಬಹುದು. ಇದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಬಂದುವು. ಅದೇ ವರ್ಷ ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ, ಆಯ್ದ ಕೆಲವು ತಾಣಗಳನ್ನು ಡಾಟಾ ದುಡ್ಡಿಲ್ಲದೆ ನೋಡಬಹುದಾದ ಏರ್ಪಾಟನ್ನು ತಂದಿತು. ಮೊದಲು ಅದರ ಹೆಸರು ಇಂಟರ್‌ನೆಟ್ ಡಾಟ್ ಆರ್ಗ್. ಆಮೇಲೆ ಫ್ರೀ ಬೇಸಿಕ್ಸ್. ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂತು: ಬಡವರಿಗೆ ಪುಕ್ಕಟೆಯಾಗಿ ಕೊಡುವುದನ್ನು ಯಾರು ತಾನೆ ವಿರೋಧಿಸಿಯಾರು?

ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂದು ನಗುವುದು ಹೊಟ್ಟೆ ತುಂಬಿದವರಿಗೆ ಸುಲಭ. ನನ್ನ ತರಗತಿಯಲ್ಲಿ ಆಗ ತಿಂಗಳಿಗೊಮ್ಮೆ ಸಣ್ಣ ಡಾಟಾ ಪ್ಯಾಕು ಹಾಕಿಸಿಕೊಂಡು, ಅದನ್ನು ಉಪ್ಪಿನಕಾಯಿಯ ಹಾಗೆ ನಂಜಿಕೊಳ್ಳುತ್ತಿದ್ದ ಹುಡುಗಿಯರಿದ್ದರು. ಅಂಥವರಲ್ಲೊಬ್ಬಳು ಷಟ್ಪದಿಯ ಮೇಲೆ ಪ್ರಬಂಧ ಬರೆಯಬೇಕಿತ್ತು. ಅವಳಿಗೆ ಬೇಕಾಗಿದ್ದ ಗ್ರಂಥ ನಮ್ಮ ಲೈಬ್ರರಿಯಲ್ಲಿಲ್ಲ. ಯಾರೋ ಪುಣ್ಯಾತ್ಮರು ಹಳೆಯ ಪ್ರತಿಯ ಪುಟಗಳ ಚಿತ್ರ ತೆಗೆದು ಜಾಲದ ಒಂದು ಮೂಲೆಯಲ್ಲಿ ಇರಿಸಿದ್ದರು. ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಂಡು ಓದಿದಳು. ಪುಕ್ಕಟೆಯ ಬಾಗಿಲೊಂದು ಅವಳ ಊರಿನಲ್ಲಿ ತೆರೆದಿದ್ದರೆ, ಆ ಬಾಗಿಲ ಒಳಗೆ ಈ ಪುಸ್ತಕ ಇರುತ್ತಿತ್ತೆ? ಏನು ಇರಬೇಕೆಂದು ಆರಿಸುವವರು ದೂರದಲ್ಲಿದ್ದಾರೆ. ಅವರ ಪಟ್ಟಿಗೆ ಹಳಗನ್ನಡದ ಛಂದಸ್ಸು ಹತ್ತುವುದು ಕಷ್ಟ. ಕನ್ನಡದ ಸರಕು ಜಾಲದಲ್ಲಿರುವುದು ಹೆಚ್ಚಾಗಿ ಮುದುಕಿಯ ಅಂಗಡಿಗಳಲ್ಲಿ: ಒಬ್ಬರು ಯಕ್ಷಗಾನ ಪ್ರಸಂಗಗಳನ್ನು ಕೂಡಿಹಾಕುತ್ತಾರೆ, ಇನ್ನೊಬ್ಬರು ನಿಘಂಟು ಬೆರಳಚ್ಚಿಸುತ್ತಾರೆ, ಮತ್ತೊಬ್ಬರು ಗಮಕದ ಧ್ವನಿಮುದ್ರಣವನ್ನು ಏರಿಸುತ್ತಾರೆ. ಇವರು ಯಾವ ಕಂಪೆನಿಯ ಬಾಗಿಲಿಗೆ ಹೋಗಿ, “ನಮ್ಮನ್ನೂ ಪುಕ್ಕಟೆಯ ಸಾಲಿಗೆ ಸೇರಿಸಿಕೊಳ್ಳಿ” ಎಂದು ಕೈಮುಗಿಯಬೇಕು?

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ವಿಕಿಪೀಡಿಯಕ್ಕೆ ನನ್ನಂಥ ಮೇಷ್ಟರುಗಳು ಋಣಿಗಳು. ಕನ್ನಡದಲ್ಲಿಯೂ ಅದು 2003ರಿಂದ ಇದೆ. 2013ರಲ್ಲಿ ಏರ್‌ಸೆಲ್ ಕಂಪೆನಿಯ ಗಿರಾಕಿಗಳಿಗೆ ಅದನ್ನು ಡಾಟಾ ದುಡ್ಡಿಲ್ಲದೆ ಓದುವ ಅವಕಾಶ ಮಾಡಿಕೊಟ್ಟಿದ್ದರು. ಲಾಭದ ಆಸೆಯಿಲ್ಲದ ವಿದ್ಯಾದಾನ, ಇದಕ್ಕೂ ಬೇಡವೆನ್ನುವುದೆ? ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಅಡಿಟಿಪ್ಪಣಿಯ ವಿಷಯ. ವಿಕಿಪೀಡಿಯದ ಬರಹ ಪುಕ್ಕಟೆ. ಆದರೆ ಬರಹದ ಕೆಳಗೆ ‘ಇದಕ್ಕೆ ಆಧಾರ ಇಲ್ಲಿದೆ’ ಎಂದು ತೋರಿಸುವ ಹೊರಗಿನ ತಾಣಕ್ಕೆ ಕಾಲಿಟ್ಟರೆ ದುಡ್ಡು. ಹೇಳಿದ್ದನ್ನು ನಂಬುವುದು ಬಿಟ್ಟಿ, ನಿಜವೇ ಎಂದು ಪರೀಕ್ಷಿಸುವುದಕ್ಕೆ ಸುಂಕ! ‘ಆಕರ ನೋಡಿ, ಆಕರ ನೋಡಿ’ ಎಂದು ವರ್ಷವೆಲ್ಲ ಗಂಟಲು ಹರಿದುಕೊಳ್ಳುವ ಮೇಷ್ಟರಿಗೆ ಇದು ಹಿತವಾಗಿ ಕಾಣುವುದು ಹೇಗೆ? ಸುಂಕದವನು ಇಂದು ನನಗೆ ಪ್ರಿಯವಾದ ಗಾಡಿಯನ್ನೇ ಬಿಟ್ಟ, ಸರಿ. ಆದರೆ ಆರಿಸಿ ಬಿಡುವ ಅಧಿಕಾರ ಅವನಿಗುಂಟೆಂದು ನಾನು ಒಪ್ಪಿದಂತಾಯಿತು. ನಾಳೆ ಅವನು ಬೇರೊಬ್ಬರ ಗಾಡಿಯನ್ನು ಆರಿಸಿದರೆ ನಾನು ಯಾವ ಬಾಯಲ್ಲಿ ಆಕ್ಷೇಪಿಸಲಿ?

2016ರ ಫೆಬ್ರುವರಿ 8ರಂದು ಟ್ರಾಯ್ ತನ್ನ ನಿಯಮವನ್ನು ಪ್ರಕಟಿಸಿತು. ಜಾಲದಲ್ಲಿ ಏನನ್ನು ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕಕೂಡದು. ಹಾಕಿದರೆ ದಿನಕ್ಕೆ 50,000 ರೂಪಾಯಿಯಂತೆ, ಹೆಚ್ಚೆಂದರೆ 50 ಲಕ್ಷ ರೂಪಾಯಿ ದಂಡ. ನೆರೆ, ಭೂಕಂಪದಂಥ ತುರ್ತಿನಲ್ಲಿ ದರ ಇಳಿಸಲು ಅವಕಾಶ ಬಿಟ್ಟರು, ಅದು ನ್ಯಾಯವೇ. ಫ್ರೀ ಬೇಸಿಕ್ಸ್ ಅದೇ ತಿಂಗಳು ಇಲ್ಲಿಂದ ಗಂಟುಮೂಟೆ ಕಟ್ಟಿತು. ಹಾಗಾದರೆ ಬಡವರ ಗತಿ? ಆ ಸೆಪ್ಟೆಂಬರಿನಲ್ಲಿಯೇ ಜಿಯೊ ಮಾರುಕಟ್ಟೆಗೆ ಇಳಿದು, ಪೈಪೋಟಿಯಲ್ಲಿ ಡಾಟಾದ ಬೆಲೆ ನೆಲ ಕಚ್ಚಿತು. ಆಯ್ದ ನಾಲ್ಕು ಬಾಗಿಲುಗಳನ್ನು ಬಿಟ್ಟಿ ತೆರೆಯುವುದಕ್ಕಿಂತ ಇಡೀ ಬೀದಿಯನ್ನು ಅಗ್ಗ ಮಾಡುವುದು ಬಡವರಿಗೆ ಹೆಚ್ಚು ಉಪಕಾರವೆಂದು ನನ್ನ ತರಗತಿಯ ಬೆಂಚುಗಳಲ್ಲಿಯೇ ಕಣ್ಣಾರೆ ಕಂಡೆ. 2018ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಹೆಜ್ಜೆಯಿಟ್ಟು, ತಾಣಗಳನ್ನು ಆರಿಸಿ ತಡೆಯುವುದು, ನಿಧಾನ ಮಾಡುವುದು, ಕೆಲವಕ್ಕೆ ಮಾತ್ರ ವೇಗ ಕೊಡುವುದು ಇವೂ ಕೂಡದೆಂದು ಕಂಪೆನಿಗಳ ಪರವಾನಗಿಯಲ್ಲಿ ಸೇರಿಸಿತು.

ಬೇರೆ ಕಡೆ ಈ ವಿಷಯ ಉಯ್ಯಾಲೆಯಾಡಿದೆ. 2007ರಲ್ಲಿ ಅಮೆರಿಕದ ಒಬ್ಬ ಎಂಜಿನಿಯರು, ನಾಲ್ವರು ಕೊರಳು ಕೂಡಿಸಿ ಹಾಡುವ ಅಲ್ಲಿನ ಹಳೆಯ ಹಾಡುಗಳನ್ನು ಇತರರೊಡನೆ ಹಂಚಿಕೊಳ್ಳಲು ಹೋದರೆ ಕಡತಗಳು ಮುಂದಕ್ಕೇ ಹೋಗುತ್ತಿರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ಸಿನವರು ಬೈಬಲ್ಲನ್ನು ಕಳಿಸಿ ಪರೀಕ್ಷಿಸಿದರು. ಅದಕ್ಕೂ ಅದೇ ಗತಿ. ಕಾಮ್‌ಕಾಸ್ಟ್ ಕಂಪೆನಿ ಅಂಥ ಹಂಚಿಕೆಯನ್ನು ಸದ್ದಿಲ್ಲದೆ ತಡೆಯುತ್ತಿದ್ದುದು ಹೊರಬಿತ್ತು. ಆ ದೇಶದಲ್ಲಿ 2015ರಲ್ಲಿ ಸಮಾನತೆಯ ನಿಯಮ ಬಂತು. 2017ರಲ್ಲಿ ರದ್ದುಮಾಡಲು ತೀರ್ಮಾನಿಸಿದರು. 2024ರಲ್ಲಿ ಮತ್ತೆ ತಂದರು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ದಕ್ಷಿಣ ಕೊರಿಯದಲ್ಲಿ ಸರಕು ಕಳಿಸುವ ತಾಣಗಳೂ ದಾರಿಯವರಿಗೆ ಶುಲ್ಕ ಕೊಡಬೇಕಾದ ಪದ್ಧತಿ. ಆಟಗಳ ನೇರಪ್ರಸಾರ ಮಾಡುತ್ತಿದ್ದ ಟ್ವಿಚ್, ಆ ಶುಲ್ಕ ಬೇರೆ ಬಹುಪಾಲು ದೇಶಗಳ ಹತ್ತರಷ್ಟೆಂದು ಹೇಳಿ, 2024ರ ಫೆಬ್ರುವರಿಯಲ್ಲಿ ಅಲ್ಲಿ ಅಂಗಡಿ ಮುಚ್ಚಿತು. ನಮ್ಮಲ್ಲಿಯೂ ಕಂಪೆನಿಗಳು, ದೊಡ್ಡ ತಾಣಗಳು ದಾರಿಯ ಖರ್ಚಿನಲ್ಲಿ ಪಾಲು ಕೊಡಲಿ ಎಂದು ಕೇಳತೊಡಗಿವೆ.

ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತನ್ಯಾಯ ಎಂಬುದೊಂದುಂಟು. ಸುಂಕ ತಪ್ಪಿಸಿಕೊಳ್ಳಲು ವ್ಯಾಪಾರಿಯೊಬ್ಬ ರಾತ್ರಿಯೆಲ್ಲ ಅಡ್ಡದಾರಿಗಳಲ್ಲಿ ಅಲೆದು, ಬೆಳಕು ಹರಿದಾಗ ನೋಡಿದರೆ ಸುಂಕದ ಮನೆಯ ಬಾಗಿಲಲ್ಲಿಯೇ ನಿಂತಿದ್ದನಂತೆ. ಈ ಚರ್ಚೆಯೂ ಹಾಗೆಯೇ. ಒಮ್ಮೆ ಬಡವರ ಸೇವೆ ಎಂಬ ದಾರಿ, ಒಮ್ಮೆ ಖರ್ಚಿನ ಪಾಲು ಎಂಬ ದಾರಿ. ಎತ್ತ ಸುತ್ತಿ ಬಂದರೂ ಬೆಳಗಾಗುವುದು ಅದೇ ಪ್ರಶ್ನೆಯ ಮುಂದೆ: ಗಾಡಿ ಯಾರದೆಂದು ನೋಡಿ ದಾರಿ ಬಿಡುವ ಹಕ್ಕು ದಾರಿಯವನಿಗೆ ಉಂಟೆ? ಪಾಲು ಕೇಳುವುದು ಇವತ್ತು ದೊಡ್ಡವರನ್ನು ಇರಬಹುದು. ಆದರೆ ಕೊಡಬಲ್ಲವರು ಕೊಟ್ಟು ಮುಂದೆ ಹೋಗುತ್ತಾರೆ. ಕೊಡಲಾರದವರು ಕಟ್ಟೆಯಾಚೆಯೇ ಉಳಿಯುತ್ತಾರೆ.

ಈ ನಿಯಮದಿಂದ ರಾಮರಾಜ್ಯ ಬಂದುಬಿಡುತ್ತದೆಂದು ನಾನು ಹೇಳಲಾರೆ. ದಾರಿ ಸಮವಾದ ಮಾತ್ರಕ್ಕೆ ಅಂಗಡಿಗಳು ಸಮವಾಗುವುದಿಲ್ಲ. ದೊಡ್ಡ ಸಂಸ್ಥೆಗಳು ತಮ್ಮ ಸರಕಿನ ಉಗ್ರಾಣಗಳನ್ನು ಊರೂರಿನ ಹತ್ತಿರವೇ ಕಟ್ಟಿಕೊಂಡು ಬೇಗ ಮುಟ್ಟಿಸುತ್ತವೆ. ಯಾವ ಅಂಗಡಿ ಮೊದಲು ಕಣ್ಣಿಗೆ ಬೀಳಬೇಕೆಂಬುದನ್ನು ಹುಡುಕಿಕೊಡುವ ತಾಣಗಳು ನಿರ್ಧರಿಸುತ್ತವೆ. ಅವು ಬೇರೆ ಕಟ್ಟೆಗಳು; ಅವುಗಳ ಜಗಳ ಇನ್ನೊಂದು ದಿನಕ್ಕಿರಲಿ. ಮುದುಕಿಯ ಅಂಗಡಿಗೆ ಗಿರಾಕಿ ಬಂದೇ ಬರುತ್ತಾನೆಂದು ಯಾವ ಕಾನೂನೂ ಭರವಸೆ ಕೊಡಲಾರದು. ಬರಬೇಕೆಂದು ಹೊರಟವನನ್ನು ದಾರಿಯಲ್ಲಿ ಯಾರೂ ತಿರುಗಿಸಬಾರದು, ಅಷ್ಟೆ. ಅಷ್ಟಾದರೂ ಉಳಿದರೆ ಅವಳು ತನ್ನ ಬೆಲ್ಲದ ರುಚಿಯನ್ನು ನಂಬಿಕೊಂಡು ಬಾಳಬಹುದು.

ರಾತ್ರಿ ಎಂಟು ಗಂಟೆಗೆ ನಾಲ್ಕನೆಯ ಮನೆಯಿಂದ ‘ಊಟ ಆಯ್ತೇನಮ್ಮ?’ ಎಂಬ ದನಿ ಕೇಳಿಸುತ್ತದೆ. ಅಲ್ಲಿ ಆಗ ಬೆಳಗು, ತಿಂಡಿಯ ಹೊತ್ತು. ಆದರೂ ಮೇಷ್ಟರ ಮನೆಯವರ ಪ್ರಶ್ನೆ ಅದೇ. ಆ ಎರಡು ಮಾತು ಹತ್ತಾರು ಪೊಟ್ಟಣಗಳಾಗಿ ಕಡಲು ದಾಟುತ್ತದೆ. ಅದರ ಹಿಂದೆ ಮುಂದೆ ಯಾವುದೋ ಬ್ಯಾಂಕಿನ ಲೆಕ್ಕ, ಯಾರದೋ ಸಿನಿಮಾ, ಎಲ್ಲಿಯದೋ ಕ್ರಿಕೆಟ್ಟು. ನಡುವೆ ಕೂತ ಒಂದು ಯಂತ್ರಕ್ಕೂ, ಈ ಪೊಟ್ಟಣದೊಳಗಿರುವುದು ತಾಯಿಯ ಕಕ್ಕುಲತೆ ಎಂದು ತಿಳಿಯುವುದಿಲ್ಲ. ತಿಳಿಯದಿರಲಿ; ಮಗಳಿಗೆ ತಿಳಿದರೆ ಸಾಕು.